ಪ್ರೇಮಕವಿತೆಯಲ್ಲಿ ಬುದ್ಧಿಗೇನು ಕೆಲಸ?

‘ಪ್ರೀತಿಯ ಮಾತಿನಲ್ಲಿ ವಿಚಾರವೇಕಯ್ಯ? ಅದು ಎದೆಯಿಂದ ಎದೆಗೆ ಹರಿಯಬೇಕಾದುದು’ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ನವ್ಯಕಾವ್ಯ ಬಂದು ಕನ್ನಡದ ಒಲವಿನ ಹಾಡನ್ನು ಒಣಗಿಸಿತೆಂಬ ದೂರೂ ಹಳೆಯದೇ. ಮನಸ್ಸು ಕರಗುವಲ್ಲಿ ಬುದ್ಧಿ ಕಾಲಿಟ್ಟರೆ ರಸಭಂಗವಾಗುವುದೆಂಬುದು ಈ ದೂರಿನ ಸಾರ. ಇದು ಬರಿಯ ಪಂಡಿತರ ಜಗಳವಲ್ಲ. ಒಲಿದವರ ಮುಂದೆ ಬಾಯಿ ತೆರೆಯುವ ಯಾರನ್ನೂ ಈ ಸಂದೇಹ ಬಿಡದು: ವಿಚಾರಮಾಡಿ ಆಡಿದ ಮಾತು ಕೃತಕವಾದೀತೆ? ವಿಚಾರಿಸದೆ ಆಡಿದ ಮಾತು ನಾಳೆಗೆ ನಿಂತೀತೆ?

ನವ್ಯದ ಮೇಲಣ ಈ ದೂರು ಮೊದಲು ಮುಟ್ಟುವುದು ಎಂ. ಗೋಪಾಲಕೃಷ್ಣ ಅಡಿಗರನ್ನು. ಅವರು 1918ರಲ್ಲಿ ಹುಟ್ಟಿದ್ದು ಕುಂದಾಪುರದಿಂದ ಉತ್ತರಕ್ಕೆ, ಬೈಂದೂರು ಸೀಮೆಯ ಮೊಗೇರಿಯಲ್ಲಿ. ಈ ಪ್ರಶ್ನೆಗೆ ಆ ನೆಲವೇ ಒಂದು ಉತ್ತರವನ್ನು ಇಟ್ಟುಕೊಂಡಿದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಬಯಲಾಟವನ್ನು ನೋಡಿದವರು ಇದನ್ನು ಬಲ್ಲರು. ಭಾಗವತರು ಪದ ಹಾಡುತ್ತಾರೆ. ವೇಷಧಾರಿ ಅದಕ್ಕೆ ಕುಣಿಯುತ್ತಾನೆ. ಪದ ನಿಂತೊಡನೆ ಅರ್ಥ ಹೇಳುತ್ತಾನೆ. ಶೃಂಗಾರದಲ್ಲಿಯೂ ಈ ಕ್ರಮ ತಪ್ಪದು. ನಾಯಕನು ತನ್ನ ಮೋಹವನ್ನು ತೋಡಿಕೊಂಡ ಮಾತ್ರಕ್ಕೆ ನಾಯಿಕೆ ತಲೆಬಾಗುವುದಿಲ್ಲ. ನೀನಾರು, ನಿನ್ನ ಮಾತಿಗೇನು ಆಧಾರ, ನಿನ್ನನ್ನು ನಂಬಿದವಳ ಗತಿಯೇನು ಎಂದು ಕೇಳುತ್ತಾಳೆ. ಅವನು ಉತ್ತರ ಕೊಡಬೇಕು. ಈ ಸವಾಲು ಜವಾಬುಗಳಿಂದ ಶೃಂಗಾರ ಕೆಡುವುದಿಲ್ಲ, ಕಳೆಯೇರುತ್ತದೆ. ಪದದಲ್ಲಿ ಹೃದಯ ಹಾಡಿತು; ಅರ್ಥದಲ್ಲಿ ಅದೇ ಹೃದಯ ತನ್ನನ್ನು ತಾನು ವಿಚಾರಿಸಿಕೊಂಡಿತು.

ಅಡಿಗರ ಮೊದಲ ಸಂಕಲನ 1946ರ ‘ಭಾವತರಂಗ’. ಎಂಟು ವರ್ಷಗಳ ಅನಂತರ, 1954ರಲ್ಲಿ, ಬಂದದ್ದು ‘ಚಂಡೆಮದ್ದಳೆ’. ಆ ಎರಡು ಹೆಸರುಗಳಲ್ಲಿಯೇ ಅವರು ನಡೆದ ದಾರಿಯ ಸುಳಿವಿದೆ. ಅಲ್ಲಿ ಭಾವದ ಅಲೆ. ಇಲ್ಲಿ ಊರ ರಂಗಸ್ಥಳದ ವಾದ್ಯ. ಅಲೆಗೆ ಲೆಕ್ಕವಿಲ್ಲ, ಮದ್ದಳೆಯ ಪೆಟ್ಟಿಗೆ ಲೆಕ್ಕವುಂಟು. ಅಡಿಗರು ಕೈಬಿಟ್ಟದ್ದು ಭಾವವನ್ನಲ್ಲ. ದುಡಿಯದೆ ಕೈಗೆ ಸಿಗುವ ಸಿದ್ಧಭಾವವನ್ನು.

ಈ ವಿಚಾರಣೆ ಅವರ ಆರಂಭದ ಕವಿತೆಗಳಲ್ಲಿಯೇ ಮೊದಲಾಗಿತ್ತು. ‘ಅಮೆರಿಕ ಅಮೆರಿಕ’ ಚಲನಚಿತ್ರದಿಂದ ಮನೆಮಾತಾದ, ಮೋಹನ ಮುರಲಿಯ ಕರೆಯನ್ನು ಕುರಿತ ಗೀತೆಯನ್ನೇ ನೋಡಿರಿ. ಅದನ್ನು ಪ್ರೇಮಗೀತೆಯೆಂದು ಹಾಡಿಕೊಳ್ಳುವವರು ಬಹಳ. ಶೃಂಗಾರಕ್ಕೆ ಬೇಕಾದ ಸಲಕರಣೆಗಳೆಲ್ಲ ಅಲ್ಲಿವೆ, ಸುಖಕ್ಕೆ ಕೊರತೆಯಿಲ್ಲ. ಆದರೂ ಮನಸ್ಸಿಗೆ ಬೇಸರ. ದೂರದ ಯಾವುದೋ ಕರೆಗೆ ಅದು ಕಿವಿಗೊಡುತ್ತಿದೆ. ಕವಿ ಇದನ್ನು ನಿಂದಿಸಿದರೆ? ಇಲ್ಲ. ಹೊಗಳಿದರೆ? ಅದೂ ಇಲ್ಲ. ಕೇಳಿದರು. ಕವಿತೆ ಪ್ರಶ್ನೆಯಿಂದ ತೊಡಗಿ ಪ್ರಶ್ನೆಯಲ್ಲಿಯೇ ಮುಗಿಯುತ್ತದೆ. ಪ್ರಶ್ನೆ ಕೇಳುವುದು ಬುದ್ಧಿಯ ಕೆಲಸ. ಉತ್ತರಕ್ಕಾಗಿ ಹಂಬಲಿಸುವುದು ಹೃದಯದ ಕೆಲಸ. ಒಂದನ್ನು ತೆಗೆದರೆ ಇನ್ನೊಂದು ನಿಲ್ಲದು. ಪ್ರೀತಿಯಿಲ್ಲದವನು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ.

ಹೊರನಾಡುಗಳಲ್ಲಿಯೂ ಈ ಮಾತು ಬಂದಿದೆ. ಹದಿನೇಳನೆಯ ಶತಮಾನದ ಇಂಗ್ಲಿಷ್ ಕವಿ ಜಾನ್ ಡನ್ನನು ಅಗಲಲಿರುವ ಪ್ರೇಮಿಗಳನ್ನು ಕೈವಾರದ ಎರಡು ಕಾಲುಗಳಿಗೆ ಹೋಲಿಸಿದ. ಒಂದು ನಡುವೆ ನೆಲೆನಿಂತಿರುತ್ತದೆ, ಇನ್ನೊಂದು ಸುತ್ತಿ ಬರುತ್ತದೆ. ನಿಂತದ್ದೂ ಹೋದದ್ದರ ಕಡೆಗೆ ಬಾಗುತ್ತದೆ. ಲೆಕ್ಕದ ಮೇಷ್ಟರ ಉಪಕರಣದಿಂದ ವಿರಹಕ್ಕೆ ಸಮಾಧಾನ! ಇಂಥ ಕವಿಗಳಿಗೆ ವಿಚಾರವೂ ಒಂದು ಅನುಭವವೇ ಆಗಿತ್ತೆಂದು ಟಿ. ಎಸ್. ಎಲಿಯಟ್ 1921ರಲ್ಲಿ ವಾದಿಸಿದ.

‘ಹಾಗಾದರೆ ಕೆ. ಎಸ್. ನರಸಿಂಹಸ್ವಾಮಿಯವರ ಮಾತೇನು? 1942ರ “ಮೈಸೂರು ಮಲ್ಲಿಗೆ”ಯನ್ನು ಜನ ಇಂದಿಗೂ ಹಾಡುತ್ತಿಲ್ಲವೆ?’ ಎಂದು ವಾಚಕರು ಕೇಳಬಹುದು. ಹಾಡಬೇಕಾದುದೇ. ಆದರೆ ಅಲ್ಲಿಯ ದಾಂಪತ್ಯ ನಮಗೆ ಹಿಡಿಸುವುದು ಕವಿ ಪ್ರೀತಿ ಪ್ರೀತಿ ಎಂದು ಕೂಗಿದ್ದರಿಂದಲ್ಲ. ಮನೆಯೊಳಗಿನ ಯಾವ ಮಾತನ್ನು ಹೇಳಬೇಕು, ಯಾವುದನ್ನು ನಸುನಗೆಯಲ್ಲಿ ಮುಚ್ಚಬೇಕು ಎಂಬ ಎಚ್ಚರ ಅಲ್ಲಿದೆ. ಆ ಎಚ್ಚರವೂ ಬುದ್ಧಿಯೇ. ತನ್ನನ್ನು ತೋರಿಸಿಕೊಳ್ಳದ ಬುದ್ಧಿ. ಅದೇ ಕವಿ 1958ರ ‘ಶಿಲಾಲತೆ’ಯಲ್ಲಿ ಬೇರೊಂದು ದಾರಿ ಹಿಡಿದುದನ್ನೂ ಮರೆಯಬಾರದು.

ಆದುದರಿಂದ ಪ್ರೇಮಕವಿತೆಯಲ್ಲಿ ಭಾವಕ್ಕೂ ಬುದ್ಧಿಗೂ ಹಗೆತನವೆಂಬುದು ಹುಸಿ. ಬುದ್ಧಿ ಮಾತ್ರವಿದ್ದರೆ ಅದು ವಕೀಲರ ವಾದ; ಭಾವ ಮಾತ್ರವಿದ್ದರೆ ಯಾರು ಯಾರಿಗಾದರೂ ಬರೆಯಬಹುದಾದ ಓಲೆ. ಪದ ಮುಗಿದಾಗ ಭಾಗವತರು ಸುಮ್ಮನಾಗುತ್ತಾರೆ, ಎದುರಿನ ವೇಷ ಕಾದು ನಿಂತಿರುತ್ತದೆ, ಸಭೆ ಕಿವಿಗೊಟ್ಟಿರುತ್ತದೆ. ಆಗ ಅರ್ಥ ಹೇಳಲೇಬೇಕು. ಒಲಿದವರೂ ಒಂದು ದಿನ ಹಾಗೆ ನಿಲ್ಲಬೇಕಾಗುತ್ತದೆ.