ವಿಪತ್ತು, ಪರಿಹಾರ ಮತ್ತು ಮಿಷನ್ ಸೇವೆ: ಹಳಿಯಾಳ–ಮುಂಡಗೋಡ ಪರಿಸರದ ಒಂದು ಅವಲೋಕನ

ಚರ್ಚಿನ ಪರಿಹಾರಕಾರ್ಯವೆಂದೊಡನೆ ನೆರೆ, ಬರ, ಚಂಡಮಾರುತಗಳ ಚಿತ್ರ ಮೂಡುವುದು ಸಹಜ. 1977ರ ನವೆಂಬರ್ 19ರಂದು ಕೃಷ್ಣಾ ನದಿಯ ಮುಖಜಭೂಮಿಯಲ್ಲಿರುವ ದಿವಿಸೀಮೆಯೆಂಬ ದ್ವೀಪಪ್ರದೇಶಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ ಸುಮಾರು 10,000 ಜನ ಮಡಿದರು. ಅಲ್ಲಿ ಸರ್ಕಾರದೊಡನೆ ಚರ್ಚಿನ ಸೇವಾಸಂಸ್ಥೆಗಳೂ ಪರಿಹಾರ ಮತ್ತು ಪುನರ್ವಸತಿಯಲ್ಲಿ ಭಾಗವಹಿಸಿದವು. ಇಂತಹ ವಿಪತ್ತಿಗೆ ದಿನಾಂಕವಿರುತ್ತದೆ, ನಷ್ಟದ ಪಟ್ಟಿಯಿರುತ್ತದೆ, ಪರಿಹಾರ ಮುಗಿಯಿತೆನ್ನುವ ಒಂದು ಹಂತವೂ ಇರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಸ್ಥಿತಿ ಬೇರೆ. ಇಲ್ಲಿನ ಕಾಡಂಚಿನ ಜನರ ಸಂಕಟ ಒಂದೇ ರಾತ್ರಿಯಲ್ಲಿ ಬಂದುದಲ್ಲ. ಇಂತಹ ನಿಧಾನಗತಿಯ ವಿಪತ್ತು ಮಿಷನ್ ಸೇವೆಯ ಸ್ವರೂಪವನ್ನು ಹೇಗೆ ಬದಲಿಸಿತೆಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಸೀಮೆಯ ನೆರೆಯ ಧಾರವಾಡ ಪ್ರದೇಶದಲ್ಲಿ ಮಿಷನ್ ಪರಿಹಾರಕಾರ್ಯದ ಹಳೆಯ ಮಾದರಿಯೊಂದು ದೊರೆಯುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿತು. 1876–78ರ ಭೀಕರ ಬರಗಾಲದಲ್ಲಿ ಮಿಷನರಿಗಳು ಅನಾಥ ಮಕ್ಕಳಿಗೆ ಆಶ್ರಯ ನೀಡಿದರು. ಗಂಜಿಯಿಂದ ಪ್ರಾಣ ಉಳಿಯಬಹುದು, ಬದುಕು ನಿಲ್ಲಲು ದುಡಿಮೆ ಬೇಕು ಎಂಬ ಅರಿವು ಮಿಷನ್‌ಗೆ ಅದಕ್ಕೂ ಮೊದಲೇ ಇದ್ದಿತು. ಮತಾಂತರದಿಂದ ಕುಲಕಸುಬು ಕಳೆದುಕೊಂಡವರಿಗಾಗಿ ನೇಯ್ಗೆಯನ್ನೂ 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿದ್ದು ಇದಕ್ಕೆ ಸಾಕ್ಷಿ. ಆದರೆ ಹಸಿದವನಿಗೆ ಅನ್ನವಿಕ್ಕುವ ಕೈಯೇ ಧರ್ಮವನ್ನೂ ಬೋಧಿಸುವಾಗ ಸ್ವೀಕರಿಸುವವನಿಗೆ ಆಯ್ಕೆಯ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬ ಪ್ರಶ್ನೆಯೂ ಅಂದೇ ಹುಟ್ಟಿತು. ಮುಂದಿನ ಎಲ್ಲ ಮಿಷನ್ ಸೇವೆಯನ್ನೂ ಈ ಪ್ರಶ್ನೆ ಹಿಂಬಾಲಿಸಿದೆ.

ಹಳಿಯಾಳ ಪರಿಸರದಲ್ಲಿ ಈ ಪ್ರಶ್ನೆಗೆ ಮತ್ತೊಂದು ಮುಖವಿದೆ. ಇಲ್ಲಿನ ಸಿದ್ದಿ ಸಮುದಾಯದ ಪೂರ್ವಜರು ಆಫ್ರಿಕಾ ಮೂಲದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳಲ್ಲಿ ನೆಲೆ ಕಂಡರು. ಹಳಿಯಾಳ ಭಾಗದಲ್ಲಿ ಕ್ರೈಸ್ತ ಸಿದ್ದಿಗಳು ಹೆಚ್ಚು. ಮುಸ್ಲಿಮ್ ಸಿದ್ದಿಗಳು ಹಳಿಯಾಳ, ಮುಂಡಗೋಡಗಳಲ್ಲಿಯೂ ಹಿಂದೂ ಸಿದ್ದಿಗಳು ಮುಖ್ಯವಾಗಿ ಯಲ್ಲಾಪುರ, ಅಂಕೋಲಾ ಕಡೆಯಲ್ಲಿಯೂ ಇದ್ದಾರೆ. ಧರ್ಮ ಮೂರಾದರೂ ಹಿರಿಯರ ಪೂಜೆ ಮೂವರಿಗೂ ಸಮಾನ. ಹೀಗೆ ಇಲ್ಲಿನ ಕ್ರೈಸ್ತ ಸಿದ್ದಿಗಳ ಪಾಲಿಗೆ ಕ್ರೈಸ್ತಧರ್ಮವು ಪರಿಹಾರದ ಜೊತೆ ಬಂದುದಲ್ಲ, ದಾಸ್ಯದ ಜೊತೆ ಬಂದುದು. ಆದ್ದರಿಂದ ಅವರ ನಡುವೆ ದುಡಿಯುವ ಚರ್ಚಿಗೆ ಇದು ದಾನದ ವಿಷಯವಾಗಿರುವಷ್ಟೇ ಋಣದ ವಿಷಯವೂ ಆಗಿದೆ.

ಇಲ್ಲಿನ ವಿಪತ್ತಿನ ಕಾರಣಗಳು ಹಲವು. ವಸಾಹತು ಕಾಲದ ಅರಣ್ಯ ಕಾಯಿದೆಗಳು ಉಳುಮೆಯ ನೆಲವನ್ನು ಒತ್ತುವರಿಯೆಂದು ಕರೆದವು. ಕಾಗದಪತ್ರವಿಲ್ಲದ ಕುಟುಂಬಗಳು ಜಮೀನ್ದಾರರಲ್ಲಿ ಸಾಲಕ್ಕೆ ಸಿಕ್ಕಿ ಕೂಲಿಗಳಾದವು. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ತಾಲೂಕಿಗೇ ಹೆಸರು ಕೊಟ್ಟಿದ್ದ ಸೂಪಾ ಊರು ಜಲಾಶಯದಲ್ಲಿ ಮುಳುಗಿತು, ಜನ ರಾಮನಗರ ಮೊದಲಾದೆಡೆಗೆ ಸ್ಥಳಾಂತರಗೊಂಡರು. 2007ರಲ್ಲಿ ದಾಂಡೇಲಿ–ಅಣಶಿ ಅರಣ್ಯ ಹುಲಿ ಮೀಸಲು ಪ್ರದೇಶವಾಯಿತು. ಈ ಪ್ರತಿಯೊಂದು ಕ್ರಮಕ್ಕೂ ಒಂದು ಸಮರ್ಥನೆಯಿದ್ದಿತು. ಆದರೆ ಅವೆಲ್ಲವುಗಳ ಒಟ್ಟು ಭಾರ ಬಿದ್ದದ್ದು ಪಟ್ಟಾ ಇಲ್ಲದವರ ಮೇಲೆ.

1976ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಕಾರವಾರ ಧರ್ಮಪ್ರಾಂತ್ಯ ರಚನೆಯಾಯಿತು. ಮುಂಡಗೋಡದಲ್ಲಿ ಯೇಸುಸಭೆಯ ಪಾದ್ರಿಗಳ ಲೊಯೋಲಾ ವಿಕಾಸ ಕೇಂದ್ರ ಸಿದ್ದಿ, ಗೌಳಿ, ಲಂಬಾಣಿ ಮೊದಲಾದ ಸಮುದಾಯಗಳ ನಡುವೆ ಕೆಲಸಕ್ಕಿಳಿಯಿತು. ಈ ಸೀಮೆಯಲ್ಲಿ ಮಿಷನರಿಯ ಬದುಕು ಭಾಷೆಯ ಕಲಿಕೆಯಿಂದಲೇ ಆರಂಭವಾಗುತ್ತದೆ. ಸಿದ್ದಿಗಳ ಮನೆಮಾತು ಕೊಂಕಣಿ, ಗೌಳಿಗಳದ್ದು ಮರಾಠಿಯ ಒಂದು ಬಗೆ, ತಾಂಡಾದಲ್ಲಿ ಲಂಬಾಣಿ, ಕಚೇರಿಯಲ್ಲಿ ಕನ್ನಡ. ಅರ್ಜಿ ಬರೆಯಿಸುವುದಕ್ಕೂ ಪೂಜೆ ನಡೆಸುವುದಕ್ಕೂ ಒಂದೇ ಭಾಷೆ ಸಾಲದು. ಮಕ್ಕಳ ಶಿಕ್ಷಣ, ಮಹಿಳೆಯರ ಸ್ವಸಹಾಯ ಸಂಘ, ಸಮುದಾಯದ ಸಂಘಟನೆ ಇವು ಅಕ್ಕಿಮೂಟೆಯ ವಿತರಣೆಯಂತೆ ಛಾಯಾಚಿತ್ರಕ್ಕೆ ಒದಗುವ ಕೆಲಸಗಳಲ್ಲ. ವರ್ಷಗಟ್ಟಲೆ ಅಲ್ಲಿಯೇ ಉಳಿಯುವುದನ್ನು ಬೇಡುವ ಕೆಲಸಗಳು.

ಈ ಸಂಘಟನೆಯ ಮಹತ್ವ 2003ರಲ್ಲಿ ಸ್ಪಷ್ಟವಾಯಿತು. ಅಂದು ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಪರಿಶಿಷ್ಟ ಜಾತಿಯ ಮಾನ್ಯತೆಗೆ ಧರ್ಮದ ಕಟ್ಟುಪಾಡಿದೆ. ಪಂಗಡದ ಮಾನ್ಯತೆಗೆ ಅದಿಲ್ಲ. ಹಾಗಾಗಿ ಹಿಂದೂ, ಮುಸ್ಲಿಮ್, ಕ್ರೈಸ್ತ ಸಿದ್ದಿಗಳು ಒಂದೇ ಪಟ್ಟಿಯಲ್ಲಿ ಸೇರಿದರು. 2006ರ ಅರಣ್ಯ ಹಕ್ಕು ಕಾಯಿದೆಯು ಮತ್ತೊಂದು ಬಾಗಿಲು ತೆರೆಯಿತು, ಜೊತೆಗೆ ಹೊಸ ಅಂತರವನ್ನೂ ತಂದಿತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಸಾಗುವಳಿಯನ್ನು ತೋರಿಸಿದರೆ ಸಾಕು. ಪಂಗಡದ ಪಟ್ಟಿಯಲ್ಲಿಲ್ಲದ ಗೌಳಿಗಳಂಥವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನೂ ರುಜುವಾತುಪಡಿಸಬೇಕು. ದನಗಳೊಡನೆ ಸಂಚರಿಸುತ್ತಿದ್ದ ಜನರಲ್ಲಿ ಅಷ್ಟು ಹಳೆಯ ದಾಖಲೆ ಇರುವುದು ವಿರಳ. ಒಂದೇ ಕಾಡಿನ ಅಕ್ಕಪಕ್ಕದ ಮನೆಗಳಲ್ಲಿ ಒಬ್ಬರಿಗೆ ಸುಲಭವಾದುದು ಇನ್ನೊಬ್ಬರಿಗೆ ಅಸಾಧ್ಯಪ್ರಾಯವಾಯಿತು.

ಈ ಬದಲಾವಣೆಗಳನ್ನು ಚರ್ಚೊಂದರ ಸಾಧನೆಯೆಂದು ಬಗೆಯುವುದು ಸರಿಯಲ್ಲ. ಸಮುದಾಯದ ಸ್ವಂತ ಸಂಘಟನೆಗಳು ಮತ್ತು ಇತರ ಧಾರ್ಮಿಕ, ಜಾತ್ಯತೀತ ಸಂಸ್ಥೆಗಳು ಕೂಡ ಈ ಸೀಮೆಯಲ್ಲಿ ದುಡಿದಿವೆ. ಮಿಷನ್ ಸೇವೆಗೂ ಮಿತಿಗಳಿವೆ. ಹೊರಗಿನ ನೆರವಿನಿಂದ ನಡೆಯುವ ಯೋಜನೆ ನೆರವು ನಿಂತಾಗ ಸೊರಗುವುದುಂಟು. ಸೇವೆಯ ಹಿಂದಿನ ಉದ್ದೇಶದ ಬಗೆಗಿನ ಸಂಶಯವೂ ಪೂರ್ಣವಾಗಿ ಅಳಿದಿಲ್ಲ.

ಒಟ್ಟಾರೆಯಾಗಿ, ಚಂಡಮಾರುತದ ನಂತರದ ಪರಿಹಾರದಲ್ಲಿ ಎಷ್ಟು ಬೇಗ ತಲುಪಿದರು ಎಂಬುದು ಅಳತೆಗೋಲಾದರೆ, ಹಳಿಯಾಳ–ಮುಂಡಗೋಡದಂತಹ ಪ್ರದೇಶದಲ್ಲಿ ಎಷ್ಟು ಕಾಲ ಉಳಿದರು, ಉಳಿದು ಯಾರನ್ನು ಸ್ವತಂತ್ರರನ್ನಾಗಿಸಿದರು ಎಂಬುದೇ ಅಳತೆಗೋಲು. ನೆರವು ಪಡೆದ ಕುಟುಂಬವು ತನ್ನ ಹೊಲದ ಪಟ್ಟಾವನ್ನು ತಾನೇ ಕೇಳಿ ಪಡೆಯಬಲ್ಲುದಾದರೆ ಅಲ್ಲಿ ಪರಿಹಾರಕಾರ್ಯ ಸಾರ್ಥಕವಾಯಿತೆನ್ನಬಹುದು. ದಾನ ಹಕ್ಕಾಗಿ ಮಾರ್ಪಡುವ ಈ ಪ್ರಕ್ರಿಯೆಯೇ ಇಲ್ಲಿನ ಮಿಷನ್ ಇತಿಹಾಸದ ಮುಖ್ಯ ಅಧ್ಯಯನವಸ್ತುವಾಗಬೇಕಾಗಿದೆ.