ಬಿಳಿ ಟೊಪಗಿಯ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಬೆಳಗಾವಿ ಜಿಲ್ಲೆಯ ಸದಲಗಾ, ಚಿಕ್ಕೋಡಿ, ನಿಪ್ಪಾಣಿಯ ಸಂತೆಗಳಲ್ಲಿ ಧೋತರ ಉಟ್ಟು, ತಲೆಗೆ ಬಿಳಿ ಟೊಪಗಿ ಇಟ್ಟ ಹಿರಿಯರು ಇಂದಿಗೂ ಕಾಣಸಿಗುತ್ತಾರೆ. ಹಳೇ ಕಾಲದ ವೇಷ ಎಂದು ದಾಟಿ ಹೋಗುವಂಥದ್ದಲ್ಲ ಅದು.

ತಪ್ಪು ಕಲ್ಪನೆ: ಈ ಟೊಪಗಿ ತಲತಲಾಂತರದಿಂದ ಬಂದದ್ದು.

ವಾಸ್ತವ: ತಲತಲಾಂತರದಿಂದ ಬಂದದ್ದು ಪಟಕಾ, ರುಮಾಲು. ಟೊಪಗಿ ಹರಡಿದ್ದು 1920ರ ಅಸಹಕಾರ ಚಳವಳಿಯ ಹೊತ್ತಿಗೆ. ಅದನ್ನು ರೂಪಿಸಿದ ಬಗೆಯನ್ನು ಗಾಂಧೀಜಿ ಕಾಕಾ ಕಾಲೇಲ್ಕರರಿಗೆ ಹೇಳಿದ್ದರು. ಕಾಲೇಲ್ಕರರು ಬೆಳಗಾವಿಯಲ್ಲಿ ಮಾಸ್ತರಾಗಿದ್ದವರು. ಗಾಂಧೀಜಿಯ ಲೆಕ್ಕ ಹೀಗಿತ್ತು: ಪಗಡಿಗೆ ಬಟ್ಟೆ ಬಹಳ ಬೇಕು. ಕಾಶ್ಮೀರಿ ಟೊಪಗಿಯಾದರೆ ಹಗುರ, ಮಡಚಿ ಕಿಸೆಯಲ್ಲಿಡಬಹುದು, ಆದರೆ ಉಣ್ಣೆಯದು. ಹಾಗಾಗಿ ಅದೇ ಆಕಾರವನ್ನು ಖಾದಿಯಲ್ಲಿ ಹೊಲಿಸಿದರು. ಬಿಳಿಯೇ ಏಕೆ? ಬಿಳಿಯಲ್ಲಿ ಕೊಳೆ ಎದ್ದು ಕಾಣುತ್ತದೆ, ಒಗೆಯದೆ ಗತ್ಯಂತರವಿಲ್ಲ.

ತಪ್ಪು ಕಲ್ಪನೆ: ಗಾಂಧೀಜಿ ಕೊನೆತನಕ ಅದನ್ನು ಧರಿಸಿದರು.

ವಾಸ್ತವ: ಧರಿಸಿದ್ದು ಒಂದೆರಡು ವರ್ಷ ಮಾತ್ರ. 1921ರ ಸೆಪ್ಟೆಂಬರ್ 22ರಂದು ಮಧುರೈನಲ್ಲಿ ಅಂಗಿ, ಟೊಪಗಿ ಎರಡನ್ನೂ ಬಿಟ್ಟು ತುಂಡು ಪಂಚೆಗೆ ಇಳಿದರು.

ತಪ್ಪು ಕಲ್ಪನೆ: ಖಾದಿ ಅಗ್ಗದ ಬಟ್ಟೆ, ಅದಕ್ಕೇ ಬಡವರು ಅದನ್ನು ಒಪ್ಪಿಕೊಂಡರು.

ವಾಸ್ತವ: ಗಿರಣಿ ಬಟ್ಟೆಗಿಂತ ಖಾದಿಯೇ ದುಬಾರಿಯಾಗಿತ್ತು. ಖಾದಿ ಕೊಳ್ಳುವ ಶಕ್ತಿ ನಮಗಿಲ್ಲ ಎಂದು ಜನ ಎದುರಿಗೇ ಹೇಳಿದ್ದು ಮಧುರೈನ ಆ ನಿರ್ಧಾರಕ್ಕೆ ಒಂದು ಕಾರಣ: ಪೂರ್ತಿ ಉಡುಪಿಗೆ ಹಣವಿಲ್ಲದಿದ್ದರೆ ತುಂಡು ಸಾಕು, ಅದು ಖಾದಿಯದಾಗಿರಲಿ. ಕೂಲಿ ಮಾಡುವವನೊಬ್ಬ ಆ ಕಾಲದಲ್ಲಿ ಖಾದಿ ಕೊಂಡನೆಂದರೆ ಬೇರೆ ಯಾವುದೋ ಖರ್ಚಿಗೆ ಕತ್ತರಿ ಹಾಕಿಯೇ ಕೊಂಡಿರಬೇಕು. ಸರಳ ಉಡುಪೆಂದು ನಾವು ಕರೆಯುವುದರ ಹಿಂದಿನ ಈ ತ್ಯಾಗವನ್ನು ಮರೆಯಬಾರದು.

ತಪ್ಪು ಕಲ್ಪನೆ: ಖಾದಿ ತೊಟ್ಟರೆ ಸಾಕು, ಕಾಂಗ್ರೆಸ್ಸಿಗರಾಗಬಹುದಿತ್ತು.

ವಾಸ್ತವ: 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ಸಿನ ಬೆಳಗಾವಿ ಅಧಿವೇಶನ ಇನ್ನೂ ಮುಂದೆ ಹೋಯಿತು. ಸದಸ್ಯರಾದವರು ತಿಂಗಳಿಗೆ 2,000 ಗಜ ನೂಲು ಕೊಡಬೇಕಿತ್ತು. ತಾವೇ ನೂಲಲಾಗದವರು ಬೇರೆಯವರಿಂದ ನೂಲಿಸಿ ಕೊಡಬಹುದಿತ್ತು. ಈ ಷರತ್ತು ಒಂದು ವರ್ಷವೂ ಉಳಿಯಲಿಲ್ಲ. 1925ರ ಸೆಪ್ಟೆಂಬರ್‌ನಲ್ಲಿ ನಾಲ್ಕಾಣೆಯ ಚಂದಾ ಮರಳಿ ಬಂತು. ಆದರೆ ಬೆಳಗಾವಿಯ ಕಾಂಗ್ರೆಸ್ ನಾಯಕ ಗಂಗಾಧರರಾವ್ ದೇಶಪಾಂಡೆಯವರ ಊರಾದ ಹುದಲಿಯಲ್ಲಿ ಖಾದಿ ಕೆಲಸ ಬೇರು ಬಿಟ್ಟಿತು. 1937ರಲ್ಲಿ ಗಾಂಧೀಜಿ ಆ ಹಳ್ಳಿಗೇ ಬಂದು ತಂಗಿದರು.

ತಪ್ಪು ಕಲ್ಪನೆ: ಉಡುಪಿಗೆ ರಾಜಕೀಯ ಅಂಟಿದ್ದು ನಮ್ಮಲ್ಲಿ ಮಾತ್ರ.

ವಾಸ್ತವ: ಫ್ರಾನ್ಸಿನ ಕ್ರಾಂತಿ ನೋಡಿ. ಮೂರು ಬಣ್ಣದ ರಿಬ್ಬನ್ ಬಿಲ್ಲೆಯನ್ನು 1792ರಲ್ಲಿ ಗಂಡಸರಿಗೆ, 1793ರಲ್ಲಿ ಹೆಂಗಸರಿಗೆ ಕಾನೂನೇ ಕಡ್ಡಾಯ ಮಾಡಿತು. ನಮ್ಮಲ್ಲಿ ತಿರುಗುಮುರುಗು: ಟೊಪಗಿ ಇಟ್ಟವರ ಮೇಲೆ ಬ್ರಿಟಿಷ್ ಅಧಿಕಾರಿಗಳು ಕೆಂಗಣ್ಣು ಬೀರಿದರು. ಅತ್ತ ಫ್ರಾನ್ಸಿನಲ್ಲಿ ಬಿಳಿ ಬಟ್ಟೆಯೂ ರಾಜಕೀಯದಿಂದ ಹೊರತಾಗಿರಲಿಲ್ಲ. ಕ್ರಾಂತಿಯ ನಂತರ ಪ್ಯಾರಿಸ್ಸಿನ ಹೆಂಗಸರು ಗ್ರೀಕ್ ಶಿಲ್ಪಗಳಂತೆ ಬಿಳಿ ಮಸ್ಲಿನ್ ಧರಿಸಿದರು. ಅದು ಕ್ರಾಂತಿ ತಂದ ಸರಳತೆ ಎಂಬ ಮಾತೂ ಪೂರ್ತಿ ನಿಜವಲ್ಲ. 1783ರಲ್ಲೇ ರಾಣಿ ಮೇರಿ ಆಂಟೊನೆಟ್ ಬಿಳಿ ಮಸ್ಲಿನ್‌ನಲ್ಲಿ ಚಿತ್ರ ಬರೆಸಿಕೊಂಡಿದ್ದಳು. ಒಳ ಅಂಗಿಯಲ್ಲಿ ಕೂತಂತಿದೆ ಎಂದು ಜನ ಸಿಟ್ಟಾಗಿ, ಆ ಚಿತ್ರವನ್ನು ಪ್ರದರ್ಶನದಿಂದ ತೆಗೆಯಬೇಕಾಯಿತು. ಆ ನವಿರು ಮಸ್ಲಿನ್‌ಗೆ ಹೆಸರಾಗಿದ್ದವರು ಬಂಗಾಳದ ನೇಕಾರರು.

ತಪ್ಪು ಕಲ್ಪನೆ: ಕೈನೂಲು, ಕೈಮಗ್ಗ ಒಂದು ಪಕ್ಷದ ಸ್ವತ್ತು.

ವಾಸ್ತವ: ಸದಲಗಾದಲ್ಲೇ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು ವಸ್ತ್ರವನ್ನೇ ತೊರೆದ ದಿಗಂಬರ ಜೈನ ಮುನಿಗಳು. ಉಡುವವರಿಗೆ ಕೈಮಗ್ಗದ ಬಟ್ಟೆಯೇ ಇರಲಿ ಎಂಬುದು ಅವರ ಆಗ್ರಹವಾಗಿತ್ತು. ಅವರ ಪ್ರೇರಣೆಯಿಂದ ಮಧ್ಯಪ್ರದೇಶದಲ್ಲಿ ಮಗ್ಗಗಳು ಶುರುವಾದವು, ಅಲ್ಲಿನ ಸಾಗರದ ಕೇಂದ್ರ ಕಾರಾಗೃಹದೊಳಗೂ ಕೈದಿಗಳು ನೇಯತೊಡಗಿದರು.