ಹಳಿಗೆ ಅಡ್ಡಲಾಗಿ ಹಿಡಿದ ಪಟ್ಟಿ

ರೈಲು ಹಳಿಯ ಅಗಲ ಅಳೆಯುವುದಕ್ಕೆಂದೇ ಗೇಜ್ ಪಟ್ಟಿ ಇರುತ್ತದೆ. ಎರಡು ಹಳಿಗಳ ಒಳಅಂಚುಗಳ ನಡುವೆ ಅದನ್ನು ಇಟ್ಟು ನೋಡುತ್ತಾರೆ. ಬ್ರಾಡ್‌ಗೇಜ್ ಆದರೆ 1,676 ಮಿಲಿಮೀಟರ್, ನಮ್ಮ ಮೆಟ್ರೊ ಹಳಿಯಾದರೆ 1,435. ಪಟ್ಟಿಯನ್ನು ಓರೆ ಮಾಡಿ ಹಿಡಿದರೆ ಹಳಿ ಸರಿಯಿದ್ದರೂ ಅಳತೆ ಹೆಚ್ಚು ತೋರುತ್ತದೆ. ಹಳಿಗೆ ಲಂಬವಾಗಿ ಇಟ್ಟಾಗ ಸಿಗುವುದೇ ಅತಿ ಚಿಕ್ಕ ಅಳತೆ, ಅದೇ ನಿಜವಾದ ಅಂತರ.

ಪ್ರಥಮ ಪಿಯುಸಿಯ ಸರಳರೇಖೆಗಳ ಪಾಠದಲ್ಲಿ ಸಮಾಂತರ ರೇಖೆಗಳ ಅಂತರಕ್ಕೆ ಬರುವ ಸೂತ್ರದ ಒಳಗಿರುವುದೂ ಈ ಮಾತೇ. ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ, ಲಂಬವನ್ನು ಮರೆಯುತ್ತಾರೆ.

3ಎಕ್ಸ್ + 4ವೈ = 10 ಮತ್ತು 3ಎಕ್ಸ್ + 4ವೈ = 35 ಎಂಬ ಎರಡು ಗೆರೆಗಳನ್ನು ಗ್ರಾಫ್ ಹಾಳೆಯ ಮೇಲೆ ಎಳೆಯಿರಿ. ಮೊದಲ ಗೆರೆಯ ಮೇಲೆ (2, 1) ಬಿಂದು ಇದೆ. ಅಲ್ಲಿಂದ ನೆಟ್ಟಗೆ ಮೇಲಕ್ಕೆ ಹೋದರೆ ಎರಡನೆಯ ಗೆರೆ 6.25 ಮನೆ ದೂರ. ಬಲಕ್ಕೆ ಹೋದರೆ ಎಂಟು ಮನೆಗೂ ಹೆಚ್ಚು. ಎರಡೂ ಓರೆ ದಾರಿಗಳೇ. ಈಗ ಸಮೀಕರಣದ ಗುಣಕಗಳನ್ನೇ ಕೇಳಿ ನೋಡಿ: ಬಲಕ್ಕೆ 3, ಮೇಲಕ್ಕೆ 4. ತಲುಪಿದ್ದು (5, 5). 15 ಕೂಡಿಸು 20, ಸರಿಯಾಗಿ 35! ಎರಡನೆಯ ಗೆರೆಯ ಮೇಲೇ ನಿಂತಿದ್ದೇವೆ. 3, 4 ಬಾಹುಗಳಾದರೆ ಕರ್ಣ 5. ಅಂತರ ಐದೇ ಮನೆ.

ನನಗೆ ಇಡೀ ಪಾಠದಲ್ಲಿ ಅತಿ ಚೆಂದ ಕಾಣುವುದು ಇದು. ಗೆರೆಗೆ ಲಂಬವಾದ ದಿಕ್ಕು ಯಾವುದೆಂದು ಗೆರೆಯ ಸಮೀಕರಣವೇ ಹೇಳಿಬಿಡುತ್ತದೆ. ಸೂತ್ರ ಮಾಡುವುದೂ ಅದನ್ನೇ: ಸ್ಥಿರಾಂಕಗಳ ವ್ಯತ್ಯಾಸ 25, ಅದನ್ನು 9 ಮತ್ತು 16ರ ಮೊತ್ತದ ವರ್ಗಮೂಲವಾದ 5ರಿಂದ ಭಾಗಿಸುವುದು. ಆ ವರ್ಗಮೂಲ ಎಲ್ಲಿಂದ ಬಂತು ಎಂದು ಕೇಳುವ ಹುಡುಗಿಗೆ ಉತ್ತರ ಪೈಥಾಗೊರಸ್ ಪ್ರಮೇಯದಲ್ಲಿದೆ.

ಒಂದು ಎಚ್ಚರಿಕೆ. ಎರಡನೆಯ ಗೆರೆಯನ್ನು ಪ್ರಶ್ನೆಪತ್ರಿಕೆಯಲ್ಲಿ 6ಎಕ್ಸ್ + 8ವೈ = 70 ಎಂದು ಕೊಟ್ಟಿರಬಹುದು. ಗೆರೆ ಅದೇ. ಆದರೆ ಅವಸರದಲ್ಲಿ 70ರಿಂದ 10 ಕಳೆದರೆ ಲೆಕ್ಕ ಕೆಟ್ಟಿತು. ಮೊದಲು ಇಡೀ ಸಮೀಕರಣವನ್ನು ಎರಡರಿಂದ ಭಾಗಿಸಿ, ಗುಣಕಗಳನ್ನು ಒಂದೇ ಮಾಡಿಕೊಳ್ಳಬೇಕು.

ಪಾಠ ಮಾಡುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ: ಸೂತ್ರವನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ಮಕ್ಕಳ ಕೈಗೆ ಗ್ರಾಫ್ ಹಾಳೆ ಕೊಡಿ, (2, 1)ರಿಂದ (5, 5)ಕ್ಕೆ ಅವರೇ ಗೆರೆ ಎಳೆಯಲಿ.